ಅವನ ಪರದೆಯ ಅಗಲ

ಫ್ಯಾಕ್ಸ್ ಕಾಗದದ ಸುರುಳಿ ಮುಗಿದ ಮೇಲೆ ನಡುವೆ ಒಂದು ರಟ್ಟಿನ ಕೊಳವೆ ಉಳಿಯುತ್ತಿತ್ತು. ಹೆಬ್ಬೆರಳು ಹೋಗುವಷ್ಟು ತೂತು, ಒಂದು ಗೇಣು ಉದ್ದ. ಈಗ ಅಂಥದ್ದು ಯಾರ ಮನೆಯಲ್ಲೂ ಇರಲಾರದು. ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದಿದೆ. ತಿಂಗಳ ಮೊದಲ ಭಾನುವಾರ ಡ್ರಾಯರುಗಳನ್ನೆಲ್ಲ ಖಾಲಿ ಮಾಡಿ, ಒರೆಸಿ, ಬೇಡದ್ದನ್ನು ಎಸೆದು ಮತ್ತೆ ಜೋಡಿಸುವುದು ನನ್ನ ಪದ್ಧತಿ. ಪ್ರತಿ ಸಲವೂ ಆ ಕೊಳವೆ ಎಸೆಯುವ ರಾಶಿಗೆ ಹೋಗುತ್ತದೆ, ಪ್ರತಿ ಸಲವೂ ವಾಪಸು ಬರುತ್ತದೆ. ಇವತ್ತು ಬೆಳಿಗ್ಗೆ ಅದನ್ನು ಮೂಗಿನ ಹತ್ತಿರ ಹಿಡಿದೆ. ಫ್ಯಾಕ್ಸ್ ಕಾಗದದ ಆ ಹುಳಿ ವಾಸನೆ ಇನ್ನೂ ಸ್ವಲ್ಪ ಇದೆ… ಅಥವಾ ಇದೆಯೆಂದು ನನಗೆ ಅನಿಸುತ್ತದೆ.

ಅದನ್ನು ನನಗೆ ಕೊಟ್ಟವನು ಕೆಲಸದಲ್ಲಿ ನನ್ನ ಪಕ್ಕದ ಕಂಪ್ಯೂಟರ್ ಪರದೆಯ ಮುಂದೆ ಕೂರುತ್ತಿದ್ದವನು.

ಭದ್ರಾವತಿಯ ಹೊರಗೆ ಆಗ ಒಂದು ಸಣ್ಣ ಎರಕದ ಕಾರ್ಖಾನೆ ಇತ್ತು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಯಂತ್ರದ ಭಾಗಗಳನ್ನು ಮಾಡುತ್ತಿದ್ದರು. ಅಲ್ಲಿಯ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ಒಂದು ಕೋಣೆ, ಒಂದು ದೊಡ್ಡ ಯಂತ್ರ, ತಂತಿಯಿಂದ ಅದಕ್ಕೆ ಸೇರಿದ ಕೆಲವು ಟರ್ಮಿನಲ್ಲುಗಳು. ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಅದರ ಮೇಲೆ ಅಕ್ಷರಗಳ ಸಾಲು. ಏನು ಮಾಡಬೇಕಾದರೂ ಆಜ್ಞೆಯನ್ನು ಟೈಪ್ ಮಾಡಬೇಕು. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಹಾಸ್ಟೆಲಿನಲ್ಲಿ ಬೆಳೆದ ನನಗೆ ಆ ಕೋಣೆ ಬಹಳ ಹಿಡಿಸಿತ್ತು. ದುರ್ಗಿಗುಡಿಯ ಮನೆಯಿಂದ ಹೊರಟು ಶಿವಮೊಗ್ಗದ ಮೊದಲ ಬಸ್ಸಿಗೆ ಬಂದು, ಎಲ್ಲರಿಗಿಂತ ಮುಂಚೆ ನಾನೇ ಬೀಗ ತೆಗೆಯುತ್ತಿದ್ದೆ.

ಅವನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಊರು ಗಾಜನೂರು. ತಂದೆತಾಯಿ ಬೇಗ ಹೋಗಿದ್ದರು, ಬೆಳೆಸಿದ್ದು ಅಕ್ಕ. ಜನ್ನಾಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ. ಶಿಸ್ತಿನವನೇನಲ್ಲ. ಲೋಟ ಎಲ್ಲಿಟ್ಟೆ ಎಂದು ದಿನಾ ಹುಡುಕುತ್ತಿದ್ದ, ಕುರ್ಚಿಗೆ ಮೊಣಕಾಲು ಬಡಿಸಿಕೊಳ್ಳುತ್ತಿದ್ದ. ನಾನು ಅದನ್ನು ಅಜಾಗರೂಕತೆ ಎಂದೇ ತಿಳಿದು ಬೈಯುತ್ತಿದ್ದೆ.

ಅವನ ಕೆಲಸ ಕೇಳಲು ಸುಲಭ. ಕುಲುಮೆಗಳ ಶಾಖದ ಲೆಕ್ಕ ನಮ್ಮ ಯಂತ್ರಕ್ಕೆ ಬಂದು, ಪರದೆಯ ಮೇಲೆ ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತಿತ್ತು. ಕುಲುಮೆಯ ಸಂಖ್ಯೆ, ಶಾಖ, ಹೊತ್ತು, ಕಬ್ಬಿಣದ ಬಗೆ, ಕೊನೆಯಲ್ಲಿ ಷರಾ. ಎಲ್ಲ ಸರಿಯಿದ್ದರೆ ಬಿಳಿ ಅಕ್ಷರ. ಶಾಖ ಮಿತಿ ಮೀರಿದರೆ ಆ ಸಾಲು ಕೆಂಪು. ಕೆಂಪು ಬಂದ ಕೂಡಲೇ ಕುಲುಮೆಯ ಮೇಸ್ತ್ರಿಗೆ ಫೋನ್ ಮಾಡಬೇಕು. ತಡವಾಗಬಾರದು, ಅಲ್ಲಿ ಕರಗಿದ ಕಬ್ಬಿಣದ ಪಕ್ಕದಲ್ಲಿ ಮನುಷ್ಯರು ನಿಂತಿರುತ್ತಾರೆ.

ಸಾಲುಗಳು ಪರದೆಗಿಂತ ಉದ್ದವಿದ್ದವು. ಪರದೆಯ ಅಗಲ ಎಂಬತ್ತು ಅಕ್ಷರ. ಉಳಿದದ್ದು ಕೆಳಗಿನ ಸಾಲಿಗೆ ಎಲ್ಲೆಂದರಲ್ಲಿ ಮುರಿದು ಬೀಳುತ್ತಿತ್ತು. ನಾವೆಲ್ಲ ಗೊಣಗಿಕೊಂಡು ಓದುತ್ತಿದ್ದೆವು. ಅವನು ಮಾತ್ರ ಅದನ್ನು ಸರಿ ಮಾಡಲು ಕೂತ. ಒಂದು ದಿನ ನಾನು ಚಹಾ ಮುಗಿಸಿ ಬರುವಾಗ ಅವನ ಪರದೆಯ ಪ್ರತಿಯೊಂದು ಸಾಲೂ ಕೆಂಪಾಗಿತ್ತು. ಎಲ್ಲ ಕುಲುಮೆಗಳೂ! ನಾನು ಏನೂ ಕೇಳದೆ ಫೋನ್ ಎತ್ತಿದೆ. ಮೇಸ್ತ್ರಿ ತಮಿಳು ಮನೆಮಾತಿನವರು, ಗಾಬರಿಯಾಗುವ ಪೈಕಿಯವರಲ್ಲ. ಹೋಗಿ ನೋಡಿ ಬಂದು ಹೇಳಿದರು:

“ಇಲ್ಲಿ ಎಲ್ಲಾ ಚೆನ್ನಾಗೇ ಐತೆ ಸಾಮಿ. ನಿಮ್ ಮಿಷಿನ್‌ಗೇ ಜ್ವರ ಬಂದಿರ್ಬೇಕು. ಒಂದು ಮಾತ್ರೆ ಕೊಡಿ.”

ತಪ್ಪು ಎಲ್ಲಾಗಿದೆ ಎಂದು ಅವನು ನನಗೆ ತೋರಿಸಿದ. ಕೆಂಪು ಅಕ್ಷರದ ಹಿಂದೆ ಮುಂದೆ ಕಣ್ಣಿಗೆ ಕಾಣದ ಗುರುತುಗಳಿರುತ್ತವೆ. ಇಲ್ಲಿಂದ ಕೆಂಪು ಶುರು ಎಂದು ಒಂದು, ಇಲ್ಲಿಗೆ ಮುಗಿಯಿತು ಎಂದು ಇನ್ನೊಂದು. ಅವನು ಯಂತ್ರದಲ್ಲೇ ಇದ್ದ ಕತ್ತರಿಸುವ ಆಜ್ಞೆಯಿಂದ ಸಾಲಿನ ಬಾಲ ಕತ್ತರಿಸಿದ್ದ. ಮುಗಿಸುವ ಗುರುತು ಬಾಲದಲ್ಲಿತ್ತು. ಅದೂ ಹೋಯಿತು. ಆಗಲೇ ಸರಿಪಡಿಸಿದ್ದ ಒಂದು ಕುಲುಮೆಯ ಹಳೆಯ ಸಾಲಿನ ಕೆಂಪು ನಿಲ್ಲುವುದು ಗೊತ್ತಿಲ್ಲದೆ ಮುಂದಿನ ಎಲ್ಲ ಸಾಲಿಗೂ ಹರಿಯಿತು. ಸಾಲದ್ದಕ್ಕೆ ಆ ಆಜ್ಞೆ ಕಾಣದ ಗುರುತುಗಳನ್ನೂ ಅಕ್ಷರವೆಂದೇ ಎಣಿಸುತ್ತಿತ್ತು. ಹಾಗಾಗಿ ಕೆಂಪು ಸಾಲುಗಳು ಬಿಳಿ ಸಾಲುಗಳಿಗಿಂತ ಗಿಡ್ಡವಾಗುತ್ತಿದ್ದವು.

ಅವನು ಎರಡು ಪುಟ್ಟ ಪ್ರೋಗ್ರಾಂ ಬರೆದ. ಒಂದಕ್ಕೆ ‘ಮಡಚು’, ಇನ್ನೊಂದಕ್ಕೆ ‘ಕತ್ತರಿ’ ಎಂದು ಹೆಸರಿಟ್ಟ. ಮಡಚು ಉದ್ದದ ಸಾಲನ್ನು ಪದದ ಸಂದಿನಲ್ಲಿ ಮುರಿದು ಕೆಳಗೆ ತರುತ್ತಿತ್ತು. ಮುರಿಯುವಲ್ಲಿ ಬಣ್ಣವನ್ನು ಮುಚ್ಚಿ, ಮುಂದಿನ ಸಾಲಿನ ತಲೆಯಲ್ಲಿ ಅದೇ ಬಣ್ಣವನ್ನು ಮತ್ತೆ ತೆರೆಯುತ್ತಿತ್ತು. ಕತ್ತರಿ ಬೇಡದ ಬಾಲವನ್ನು ತೆಗೆದು ಬಣ್ಣ ಮುಗಿಸಿಯೇ ಬಿಡುತ್ತಿತ್ತು. ಎರಡೂ ಕಾಣುವ ಅಕ್ಷರಗಳನ್ನು ಮಾತ್ರ ಎಣಿಸುತ್ತಿದ್ದವು. ಆಜ್ಞೆಯ ಮುಂದೆ ಎಷ್ಟು ಅಗಲ ಬೇಕೆಂದು ಬರೆದರೆ ಸಾಕು. ನಾವೆಲ್ಲ ಎಂಬತ್ತು ಎಂದು ಬರೆದುಕೊಂಡೆವು.

ಅವನು ಅರವತ್ತು ಎಂದು ಬರೆದುಕೊಂಡ. ಮರುವರ್ಷ ಅದು ನಲವತ್ತಾಯಿತು. ಅವನ ಪರದೆಯಲ್ಲಿ ಅಕ್ಷರಗಳು ಪತ್ರಿಕೆಯ ಒಂದು ಕಾಲಂ ಹಾಗೆ ಇಳಿಯುತ್ತಿದ್ದವು, ಮಿಕ್ಕಿದ್ದೆಲ್ಲ ಖಾಲಿ ಕಪ್ಪು.

“ಏನೋ ಮಾರಾಯ, ಬಾಗಿಲ ಸಂದೀಲಿ ಇಣುಕಿದ ಹಾಗೆ ನೋಡ್ತೀಯಲ್ಲ?” ಎಂದೆ.

“ಕರೆಂಟ್ ಉಳಿತಾಯ ಸಾರ್” ಎಂದು ನಕ್ಕ.

ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತಿತ್ತು. ಕೆಲಸ ಬಿಟ್ಟ ಮೇಲೆ ಅವನು ನನ್ನ ಜೊತೆಗೇ ಹೊರಡಲು ಶುರು ಮಾಡಿದ. ಜನ್ನಾಪುರದವರೆಗೆ ನಡೆದು ಅಲ್ಲಿ ನಾನು ಬಸ್ ಹಿಡಿಯುತ್ತಿದ್ದೆ. ಮಾತಾಡುತ್ತ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದ. ಸಲಿಗೆ ಎಂದುಕೊಂಡೆ. ಒಂದು ಸಂಜೆ ನಾನು ಬೀಡಾ ಅಂಗಡಿಯ ಮುಂದೆ ಒಂದು ಗಳಿಗೆ ನಿಂತೆ, ಅವನ ಬೆರಳು ತಪ್ಪಿತು. ತಿರುಗಿ ನೋಡಿದಾಗ ರಸ್ತೆಯ ಬದಿಯ ಚರಂಡಿಯಲ್ಲಿ ಮೊಣಕಾಲವರೆಗೆ ಇಳಿದು ನಿಂತಿದ್ದ. ಚಪ್ಪಲಿ ಹುಡುಕುತ್ತಿರಲಿಲ್ಲ, ಮೇಲೆ ಬರಲು ನೋಡುತ್ತಿರಲಿಲ್ಲ. ಸುಮ್ಮನೆ, ನಾನು ಎಲ್ಲಿದ್ದೇನೆಂದು ಕಿವಿ ಕೊಟ್ಟು ಕೇಳುತ್ತಿದ್ದ…

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಅವನೂ ಬಂದಿದ್ದ. ಫ್ಯಾಕ್ಸಿನ ಪಕ್ಕದ ಬುಟ್ಟಿಯಿಂದ ರಟ್ಟಿನ ಕೊಳವೆ ಎತ್ತಿ ನನ್ನ ಕೈಗೆ ಕೊಟ್ಟ. “ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಇಟ್ಕೊಳ್ಳಿ ಸಾರ್. ಈಗ ನನ್ನ ಟರ್ಮಿನಲ್ ಓದಿ.”

ಕೆಲವೇ ಅಕ್ಷರಗಳು ಕಂಡವು. ಬಾಗಿಲು, ಫೋನ್, ನನ್ನದೇ ಕೈ, ಯಾವುದೂ ಇಲ್ಲ. ನಾನು ತಕ್ಷಣ ಕೊಳವೆ ತೆಗೆದೆ.

“ಬೇಗ ತೆಗೆದುಬಿಟ್ರಲ್ಲ” ಎಂದ. ಆಮೇಲೆ ನಿಧಾನವಾಗಿ ಹೇಳಿದ. ಕಣ್ಣಿನ ಒಳಪದರದ ಕಾಯಿಲೆ, ಅಂಚಿನಿಂದ ನಡುವಿಗೆ ಬರುತ್ತದೆ. ಸೋದರಮಾವನಿಗೂ ಹೀಗೇ ಆಗಿತ್ತು. ಶಿವಮೊಗ್ಗದ ಡಾಕ್ಟರು ಔಷಧಿ ಇಲ್ಲವೆಂದು ಹೇಳಿ ಕಳಿಸಿದ್ದರು. ನಡುವಿನಲ್ಲಿ ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಪ್ರತಿವರ್ಷ ಗೋಡೆಯ ಮೇಲಿನ ಅಕ್ಷರ ಓದಿಸುವ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದ.

“ಮೇಲಿನವರಿಗೆ ಹೇಳ್ತೀರಾ ಸಾರ್? ಈ ಕೆಲಸ ಹೋದ್ರೆ ನನ್ನನ್ನ ಇನ್ಯಾರು ತಗೊಳ್ತಾರೆ? ಅಕ್ಕನ ಮನೆ ಜಗಲಿ ಮೇಲೆ ಕೂತ್ಕೋಬೇಕು ಅಷ್ಟೇ.”

ಮುಚ್ಚಿಡುವುದು ನನ್ನ ಸ್ವಭಾವಕ್ಕೆ ಒಗ್ಗದು. ಕುಲುಮೆಯ ಪಕ್ಕದಲ್ಲಿ ನಿಲ್ಲುವವರ ಹೆಂಡತಿ ಮಕ್ಕಳೂ ಕಣ್ಣ ಮುಂದೆ ಬಂದರು. ಆ ತಿಂಗಳು ಪೂರ್ತಿ ನನ್ನ ಟರ್ಮಿನಲ್ಲಿನಲ್ಲೂ ಅದೇ ಸಾಲುಗಳನ್ನು ಹಾಕಿಕೊಂಡು ಅವನ ಪಕ್ಕದಲ್ಲಿ ಕೂತೆ. ಪ್ರತಿ ಸಲವೂ ಕೆಂಪು ಬಂದಾಗ ನನ್ನ ಕೈ ಮೇಲೇಳುವ ಮೊದಲೇ ಅವನು ಫೋನಿನಲ್ಲಿದ್ದ. ಆ ಕಡೆಯಿಂದ ಮೇಸ್ತ್ರಿ, “ಏನ್ ಕಂಪ್ಯೂಟ್ರೇ, ಒಂದು ಬೀಡಿ ಸೇದೋಕ್ಕೂ ಬಿಡಲ್ವಲ್ಲ ನೀವು!” ಎನ್ನುವುದು ನನಗೂ ಕೇಳುತ್ತಿತ್ತು.

ತಿಂಗಳ ಕೊನೆಗೆ ಹೇಳಿದೆ: “ಇರು. ಆದ್ರೆ ಒಂದೇ ಒಂದು ಕೆಂಪು ತಪ್ಪಿದ ದಿನ ನಾನು ಮೇಲೆ ಹೋಗಿ ಹೇಳ್ತೀನಿ.”

“ಅಲ್ಲೀವರೆಗೆ ಬರಲ್ಲ ಸಾರ್. ಅದಕ್ಕೂ ಮುಂಚೆ ನಾನೇ ಎದ್ದು ಹೋಗ್ತೀನಿ.”

ಹಾಗೆ ಕೆಲವು ವರ್ಷ ನಡೆಯಿತು. ಅಗಲ ಕಡಿಮೆಯಾಗುತ್ತ ಹೋಯಿತು. ಇಪ್ಪತ್ತಕ್ಕೆ ಬಂದಾಗ ಮಡಚು ಸಾಕಾಗಲಿಲ್ಲ. ಒಂದು ಕುಲುಮೆಯ ಮಾಹಿತಿಯೇ ಅಷ್ಟೊಂದು ತುಂಡಾಗಿ ಇಳಿಯುತ್ತಿತ್ತು. ಓದುವಷ್ಟರಲ್ಲಿ ಮೇಲೆ ಸರಿದು ಹೋಗುತ್ತಿತ್ತು. ಅವನು ಕತ್ತರಿ ಹಿಡಿದ. ಮೊದಲು ಷರಾ ಹೋಯಿತು. ಆಮೇಲೆ ಕಬ್ಬಿಣದ ಬಗೆ, ಆಮೇಲೆ ಹೊತ್ತು. ಕೊನೆಗೆ ಉಳಿದದ್ದು ಕುಲುಮೆಯ ಸಂಖ್ಯೆ, ಶಾಖ, ಅವುಗಳ ಬಣ್ಣ.

“ಸಾಲು ಹೋದ್ರೆ ಹೋಗ್ಲಿ ಸಾರ್, ಬಣ್ಣ ಉಳೀಬೇಕು” ಎನ್ನುತ್ತಿದ್ದ.

ನಾನು ಅವನ ಸುತ್ತ ಕೋಣೆಯನ್ನು ಜೋಡಿಸಿದೆ. ಕುರ್ಚಿ, ಲೋಟ, ಫೋನ್ ಎಲ್ಲಕ್ಕೂ ಒಂದು ಜಾಗ. ಅಲುಗಾಡಿಸಿದವರಿಗೆ ನನ್ನಿಂದ ಬೈಗುಳ. ಇದು ನನ್ನ ಶಿಸ್ತು ಎಂದೇ ಉಳಿದವರು ತಿಳಿದಿದ್ದರು. ನನ್ನ ಜೀವಮಾನದ ಶಿಸ್ತು ಯಾರಿಗಾದರೂ ಆಗಿಬಂದಿದ್ದರೆ ಅದು ಅಷ್ಟು ಕಾಲ ಮಾತ್ರ. ಅದರಿಂದ ಅವನ ಕಣ್ಣಿಗೆ ಬರುತ್ತಿದ್ದ ಕತ್ತಲು ಒಂದು ದಿನವೂ ತಡವಾಗಲಿಲ್ಲ.

ಹೊಸ ಶತಮಾನ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ, ಎಲ್ಲ ಬೆಳಿಗ್ಗೆಗಳ ಹಾಗೆಯೇ. ಅವನು ಪರದೆಯಿಂದ ಮುಖ ತಿರುಗಿಸದೆ ಕೇಳಿದ:

“ಸಾರ್, ಈ ಸಾಲು ಯಾವ ಬಣ್ಣ?”

ನೋಡಿದೆ. “ಕೆಂಪು” ಎಂದೆ. ಎಂದವನೇ ಅವನ ಮೇಜಿನ ಫೋನ್ ನಾನೇ ಎತ್ತಿದೆ.

ನನ್ನ ದನಿ ಕೇಳಿ ಮೇಸ್ತ್ರಿ, “ಯಾಕೆ ಸಾಮಿ, ಕಂಪ್ಯೂಟ್ರು ರಜನಾ?” ಎಂದರು. “ಇಲ್ಲೇ ಇದ್ದಾನೆ” ಎಂದೆ. ಫೋನ್ ಇಟ್ಟು ತಿರುಗುವಷ್ಟರಲ್ಲಿ ಅವನು ಎದ್ದು ನಿಂತಿದ್ದ. ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿದ್ದ, ನಾನು ದಿನಾ ತಳ್ಳು ಎಂದು ಹೇಳುತ್ತಿದ್ದ ಹಾಗೆ.

“ಕೂತ್ಕೋ. ಕೆಂಪು ತಪ್ಪಿಲ್ಲ. ನೀನು ಕೇಳ್ದೆ, ನಾನು ಹೇಳ್ದೆ.”

“ನಾಳೆ ನೀವು ಚಹಾಕ್ಕೆ ಹೋದಾಗ ಯಾರನ್ನ ಕೇಳ್ಲಿ ಸಾರ್?”

ಅವತ್ತು ಮಧ್ಯಾಹ್ನ ಮೇಲಿನ ಮಹಡಿಗೆ ಇಬ್ಬರೂ ಹೋದೆವು. ಮಾತು ಅವನೇ ಆಡಿದ. ನಾನು ಪಕ್ಕದಲ್ಲಿ ನಿಂತಿದ್ದೆ, ನನ್ನ ತೋಳಿನ ಬಟ್ಟೆ ಅವನ ಬೆರಳಲ್ಲಿತ್ತು.

ಮುಂದಿನ ಬೇಸಿಗೆಯಲ್ಲಿ ಗಾಜನೂರಿಗೆ ಹೋಗಿ ನೋಡಿದೆ. ಜಗಲಿಯ ಮೇಲೆ ಕೂತಿದ್ದ. ಅಕ್ಕ ಕಾಫಿ ತಂದು ಅವನ ಬೆರಳುಗಳನ್ನು ಒಂದೊಂದಾಗಿ ಲೋಟದ ಸುತ್ತ ಇಟ್ಟರು. ನನ್ನ ಕಡೆ ತಿರುಗಿ, “ಮಾತೇ ಆಡಲ್ಲ ಸಾರ್ ಇವ್ನು. ನೀವಾದ್ರೂ ಆಡ್ಸಿ” ಎಂದು ಒಳಗೆ ಹೋದರು.

ಅವನು ಕೇಳಿದ್ದು ಒಂದೇ. “ಮಡಚು, ಕತ್ತರಿ… ಯಾರಾದ್ರೂ ಓಡಿಸ್ತಾರಾ ಸಾರ್?”

ಹೌದು ಎಂದುಬಿಡಬಹುದಿತ್ತು. ಅವನೆದುರು ನನಗೆ ಬಾಯಿ ಬರಲಿಲ್ಲ. ಹೊಸ ಕಂಪ್ಯೂಟರುಗಳು ಬಂದಿದ್ದವು. ಕುಲುಮೆಗಳು ಈಗ ಚಿತ್ರಗಳಾಗಿದ್ದವು, ಮೌಸ್ ಒತ್ತಿ ನೋಡುವುದು. ಹಳೆಯ ಯಂತ್ರ, ಅದರೊಳಗಿನದೆಲ್ಲದರ ಸಮೇತ, ಗುಜರಿಯವನ ಲಾರಿಯಲ್ಲಿ ಹೋಗಿತ್ತು. “ಇಲ್ಲಪ್ಪ” ಎಂದೆ.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದ: “ಎಲ್ರೂ ಕತ್ತಲೆ ಅಂತಾರೆ ಸಾರ್. ಕತ್ತಲೆ ಆಗಿದ್ರೆ ಕಪ್ಪಾದ್ರೂ ಕಾಣ್ತಿತ್ತು. ಇದಕ್ಕೆ ಬಣ್ಣಾನೇ ಇಲ್ಲ.”

ಹೊರಡುವಾಗ ಬರ್ತೀನಿ ಎಂದೆ. ಅವನು ನನ್ನ ದನಿ ಬಂದ ಕಡೆಗಲ್ಲ, ಸ್ವಲ್ಪ ಆಚೆಗೆ ತಲೆಯಾಡಿಸಿದ.

ಮತ್ತೆ ಹೋಗುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ಮನೆಗೆ ಬೀಗ. ಅಕ್ಕ ತೀರಿಕೊಂಡರಂತೆ. ಅವನನ್ನು ದೂರದ ಸಂಬಂಧದವರು ಯಾರೋ ಕರೆದುಕೊಂಡು ಹೋದರಂತೆ. ಎಲ್ಲಿಗೆಂದು ಪಕ್ಕದ ಮನೆಯವರಿಗೆ ಗೊತ್ತಿರಲಿಲ್ಲ. ತೀರ್ಥಹಳ್ಳಿ ಕಡೆಗೆ ಎಂದರು ಒಬ್ಬರು. ಇನ್ನೊಬ್ಬರು, ಅಲ್ಲ, ಹರಿಹರ… ಎರಡು ಕಡೆಯೂ ವಿಚಾರಿಸಿದೆ. ಸಿಗಲಿಲ್ಲ. ಇದ್ದಾನೋ ಇಲ್ಲವೋ ತಿಳಿಯದು. ಇದ್ದರೆ, ಯಾರ ಜಗಲಿಯ ಮೇಲೋ. ಅಲ್ಲಿ ಲೋಟ ಇಟ್ಟ ಕಡೆಯೇ ಇರುತ್ತದೆಯೋ ಇಲ್ಲವೋ. ಹೆಚ್ಚು ಯೋಚಿಸಲು ನನಗೆ ಧೈರ್ಯ ಸಾಲದು.

ನನಗೆ ಕಳೆದ ವರ್ಷ ಕಣ್ಣಿನ ಪೊರೆ ತೆಗೆದರು. ಈಗ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ಡ್ರಾಯರು ಒರೆಸಿ ಆದ ಮೇಲೆ ಒಂದು ಕಣ್ಣು ಮುಚ್ಚಿ, ಕೊಳವೆಯನ್ನು ಇನ್ನೊಂದಕ್ಕೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದೆ. ಕ್ಯಾಲೆಂಡರಿನ ಒಂದು ಅಂಕಿ ಮಾತ್ರ ಕಂಡಿತು. ಇವತ್ತಿನದು, ಭಾನುವಾರದ್ದು. ಈ ಸಲ ಬೇಗ ತೆಗೆಯಲಿಲ್ಲ. ಕೈ ಸೋಲುವವರೆಗೂ ಹಿಡಿದುಕೊಂಡೇ ಇದ್ದೆ. ಕೆಂಪು, ಎಂದು ಗಟ್ಟಿಯಾಗಿಯೇ ಹೇಳಿದೆ. ಯಾವ ಬಣ್ಣ ಎಂದು ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.