ಜಿನ್ನೂರನ ಗಾಜಿನ ಕಪಾಟು

ಜಿನ್ನೂರ್ ಸ್ವಾರ್ಥಿ. ದುಡ್ಡಿನ ವಿಷಯದಲ್ಲಲ್ಲ, ತಾನು ಹೇಳಿದ್ದೇ ಸರಿ ಎನಿಸಿಕೊಳ್ಳುವ ವಿಷಯದಲ್ಲಿ. ಊರಿನಲ್ಲಿ ಯಾರ ಗೋಡೆ ಎದ್ದರೂ ಅವನು ಹಾಜರು. ಮಣ್ಣು ತುಳಿಯುವುದಕ್ಕಲ್ಲ, ‘ಕಿರ್ಪಿಚ್’ ಎಂಬ ಮಾತು ಯಾರದೆಂದು ತಿಳಿಸುವುದಕ್ಕೆ.

ಕಜಾಕರ ನಾಡಿನಲ್ಲಿ, ತಲಾಸ್ ನದಿಯ ದಂಡೆಯ ನಮ್ಮೂರಿನಲ್ಲಿ ಇಟ್ಟಿಗೆಗೆ ಕಜಾಕರು ಕಿರ್ಪಿಶ್ ಎನ್ನುತ್ತಿದ್ದರು, ರಷ್ಯನ್ನರು ಕಿರ್ಪಿಚ್, ಜಿನ್ನೂರನಂಥ ತಾತಾರರು ಕಿರ್ಪೆಚ್. ಮಾತು ಮೂಲದಲ್ಲಿ ತಾತಾರರ ನುಡಿಯೂ ಸೇರಿದ ತುರ್ಕಿ ಭಾಷೆಗಳದು. ರಷ್ಯನ್ನರಿಗೆ ಅದು ತಾತಾರರ ಕಡೆಯಿಂದ ಬಂತು. ಇಸ್ತಾಂಬುಲಿನ ತುರ್ಕರೊಂದಿಗೆ ಬಲ್ಗೇರಿಯ, ಸರ್ಬಿಯಗಳಿಗೂ ಹೋಗಿ, ಅಲ್ಲಿ ಸುಡದ ಹಸಿ ಇಟ್ಟಿಗೆಯ ಹೆಸರಾಗಿ ನಿಂತಿತು. ಇಷ್ಟು ನಿಜ, ಭಾಷಾಶಾಸ್ತ್ರ ಕಲಿಸಿದ ನಾನೇ ಇದನ್ನು ಅವನಿಗೆ ಹೇಳಿದ್ದು. ಅದು ನನ್ನ ತಪ್ಪಲ್ಲ. ತಾತಾರರು ಹೆಸರಿಡುವವರೆಗೆ ರಷ್ಯನ್ನರು ಮರದ ಪೊಟರೆಯಲ್ಲಿದ್ದರು ಎಂಬುದನ್ನು ಸೇರಿಸಿಕೊಂಡವನು ಅವನೇ.

ಪುರಾವೆಗೆಂದು ಗಾಜಿನ ಕಪಾಟಿನಲ್ಲಿ, ಚಹಾ ಬಟ್ಟಲುಗಳ ನಡುವೆ, ಒಂದು ಇಟ್ಟಿಗೆ ಇಟ್ಟಿದ್ದ. ತಾತಾರರ ಊರಾದ ಕಜಾನಿನಲ್ಲಿ ಅವನ ಅಜ್ಜನ ಗೂಡಿನಲ್ಲಿ ಸುಟ್ಟದ್ದು, ಮನೆತನದ ಮುದ್ರೆ ಒತ್ತಿದ್ದು. ಒಂದು ಇಟ್ಟಿಗೆ ಒಂದು ಶಬ್ದದ ಹುಟ್ಟಿಗೆ ಹೇಗೆ ಸಾಕ್ಷಿಯಾಗುತ್ತದೆ ಎಂದು ಒಮ್ಮೆ ಕೇಳಿದೆ. ಚಹಾ ಕೊಡದೆ ಕಳಿಸಿದ.

ಆ ಶರತ್ಕಾಲದಲ್ಲಿ ವಿಧವೆ ಕುಲ್ಯಾಶಳ ಮನೆಗೆ ಅಸಾರ್ ನಡೆಯಿತು. ಅಸಾರ್ ಎಂದರೆ ಊರೆಲ್ಲ ಕೂಡಿ ಕೂಲಿಯಿಲ್ಲದೆ ಮನೆ ಎಬ್ಬಿಸುವುದು. ಕಡೆಯ ದಿನ ಒಲೆ ಹೊತ್ತಿ ಹೊಗೆ ಕಾಣಬೇಕು. ಕಾಣದಿದ್ದರೆ ಆ ಚಳಿಗಾಲ ಯಾರೂ ಅಲ್ಲಿ ಮಲಗುವಂತಿಲ್ಲ, ಅದು ನಮ್ಮೂರಿನ ಕಟ್ಟಳೆ. ಮೈದುನನ ಮನೆಯ ಮೂಲೆಯಲ್ಲಿ ಇನ್ನೊಂದು ಚಳಿಗಾಲ ಕಳೆಯಲಾರೆನೆಂದು ಕುಲ್ಯಾಶ್ ಶಪಥ ಮಾಡಿದ್ದಳು.

ಗೋಡೆಗೆ ಹಸಿ ಇಟ್ಟಿಗೆ ಸಾಕು, ಒಲೆಯ ಬಾಯಿಗೆ ಸುಟ್ಟದ್ದೇ ಬೇಕು. ಹಳೆಯ ಸ್ನಾನದ ಮನೆ ಕೆಡವಿ ತಂದವು ಲೆಕ್ಕಕ್ಕೆ ಸರಿಯಾಗಿದ್ದವು, ಒಂದೂ ಹೆಚ್ಚಿರಲಿಲ್ಲ. ಒಲೆ ಕಟ್ಟುವವನು ಉಕ್ರೇನಿನ ಓಸ್ತಾಪ್. ಕಡೆಯ ದಿನ ಒಲೆಬಾಯಿಯ ಕಮಾನಿನ ನಡುವಿಗೆ ಕೂರಿಸಲು ಕೊನೆಯ ಇಟ್ಟಿಗೆ ಎತ್ತಿಕೊಂಡ. ಜಿನ್ನೂರ್ ಅದರ ಇನ್ನೊಂದು ತುದಿ ಹಿಡಿದ.

“ಮೊದ್ಲು ಇದರ ಹೆಸರು ಹೇಳು.”

“ತ್ಸೆಹ್ಲಾ. ನಮ್ಮೂರಲ್ಲಿ ಹಂಗೇ ಅನ್ನೋದು.”

“ಅದು ಜರ್ಮನರ ಹತ್ರ ಬೇಡಿ ತಂದಿದ್ದು ಕಣಯ್ಯಾ!”

“ಆಯ್ತು ಮಾರಾಯ, ಮಾತು ನೀನೇ ಇಟ್ಕೋ. ಇಟ್ಟಿಗೆ ಬಿಡು.”

ಇಬ್ಬರೂ ಎಳೆದರು. ಒಮ್ಮೆಗೇ ಬಿಟ್ಟರು. ಇಟ್ಟಿಗೆ ಕಲ್ಲಿನ ಮೇಲೆ ಬಿದ್ದು ಚೂರಾಯಿತು.

“ಹಸೀದನ್ನೇ ಇಡೋಕಾಗಲ್ವಾ, ಓಸ್ತಾಪಣ್ಣಾ?” ಎಂದಳು ಕುಲ್ಯಾಶ್.

“ಎರಡು ಸಲ ಬೆಂಕಿ ಹಾಕಿದ್ರೆ ನಿನ್ ಮಡಿಲಿಗೇ ಉದುರುತ್ತಮ್ಮ.”

ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಜಿನ್ನೂರ್ ಇರಲಿಲ್ಲ.

“ಹೋಗ್ಲಿ ಬಿಡಿ,” ಎಂದಳು ಅವಳು. “ಬಾಯಿ ತುಂಬ ಇಟ್ಟಿಗೆ, ಕೈಯಲ್ಲಿ ಒಂದೂ ಇಲ್ಲ.” ಅವಳು ಮೈದುನನ ಮನೆಗೆ ಮರಳಿ ಒಯ್ಯಲು ಹಾಸಿಗೆ ಸುತ್ತತೊಡಗಿದಳು.

ಸ್ವಲ್ಪ ಹೊತ್ತಿಗೆ ಜಿನ್ನೂರ್ ಹಿಂದಿರುಗಿದ. ಕಂಕುಳಲ್ಲಿ ಕಪಾಟಿನ ಇಟ್ಟಿಗೆ. ಇನ್ನೊಂದು ಉಪನ್ಯಾಸ ಬಂತೆಂದು ನಾನು ಕುಳಿತುಕೊಂಡೆ.

ಓಸ್ತಾಪ್ ಅದನ್ನು ತಿರುಗಿಸಿ ನೋಡಿದ. “ದಪ್ಪ ಜಾಸ್ತಿ. ಬೆಣೆ ಥರ ಕೆತ್ತಿದ್ರೇನೇ ಕೂರೋದು. ಮುದ್ರೆ ಹೋಗುತ್ತೆ, ಜಿನ್ನೂರ್.”

“ಸುತ್ತಿಗೆ ಕೊಡು ಇಲ್ಲಿ.”

ಕಲಸಿದ ಮಣ್ಣಿನ ಪಕ್ಕ ಮೊಣಕಾಲೂರಿ ಅವನೇ ಕೆತ್ತಿದ. ಅಜ್ಜನ ಮುದ್ರೆ ಕೆಂಪು ಪುಡಿಯಾಗಿ ಉದುರಿತು.

ಓಸ್ತಾಪ್ ಅದನ್ನು ಕಮಾನಿಗೆ ಹೊಂದಿಸಿ ಅವನ ಕಡೆ ನೋಡಿದ. “ಈಗ ಇದಕ್ಕೆ ಏನನ್ಲಿ?”

“ಏನಾದ್ರೂ ಅನ್ನು,” ಎಂದ ಜಿನ್ನೂರ್. “ಮಣ್ಣು ಮೆತ್ತು ಬೇಗ. ಅವಳು ಹಾಸಿಗೆ ಕಟ್ತಿದ್ದಾಳೆ.”