ಹೊರಗಿನಿಂದ ತೆರೆದು ನೋಡುವವರು

ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯ ಗುಮಾಸ್ತರಿಗೆ ಪ್ರೊಫೆಸರುಗಳು ಇಟ್ಟ ಹೆಸರು 'ಕೊನೇ ತಾರೀಖು'. ಯಾವ ಅನುದಾನದ ಅರ್ಜಿಗೆ ಎಷ್ಟು ದಿನ ಉಳಿದಿದೆ ಎಂಬುದು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮೆಟ್ಟಿಲ ಮೇಲೆ ಯಾರಾದರೂ ಸಿಕ್ಕರೆ ನಮಸ್ಕಾರಕ್ಕೂ ಮೊದಲು "ಆರೇ ದಿನ, ಸರ್" ಅನ್ನುತ್ತಾರೆ; ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರಿಗೂ ನೆನಪಿಸಿ ಬಂದಿದ್ದಾರೆ. ಅನುದಾನ ಸಿಕ್ಕಿ, ಲೇಖನ ಅಚ್ಚಾದ ಮೇಲೂ ಬಿಡುವ ಆಸಾಮಿಯಲ್ಲ. ಅದನ್ನು ಯಾರು ಬೇಕಾದರೂ ಪುಕ್ಕಟೆ ಓದುವಂತಿರಬೇಕು ಎಂಬುದು ಅಲ್ಲಿನ ನಿಯಮ. "ಓಪನ್ ಆಗ್ತಿದೆ ಕಣ್ರೀ, ಈಗ ತಾನೆ ನೋಡ್ದೆ" ಎಂದು ಪ್ರೊಫೆಸರು ಗೊಣಗಿದರೆ, "ಆ ಪತ್ರಿಕೆಗಳಿಗೆ ನಮ್ಮ ವಿಶ್ವವಿದ್ಯಾಲಯ ಚಂದಾ ಕಟ್ಟಿರೋದ್ರಿಂದ ಇಲ್ಲಿ ಎಲ್ಲಾನೂ ತೆಗೆಯುತ್ತೆ ಸರ್. ಮನೆಯೊಳಗೆ ಕೂತೋರಿಗೆ ಹೊರಗಿನ ಬೀಗ ಹ್ಯಾಗೆ ಕಾಣುತ್ತೆ?" ಅನ್ನುತ್ತಾರೆ. ಸಂಜೆ ಪೇಟೆಯ ಸಾರ್ವಜನಿಕ ಗ್ರಂಥಾಲಯಕ್ಕೆ ನಡೆದು, ಅಲ್ಲಿನ ಹಳೇ ಕಂಪ್ಯೂಟರಿನಲ್ಲಿ ಆ ಲೇಖನದ ಒಂದೊಂದೇ ಪುಟ ತೆರೆದು ನೋಡುತ್ತಾರೆ. ಒಂದಕ್ಷರವೂ ಅರ್ಥವಾಗುವುದಿಲ್ಲ. ಹೆಂಡತಿಯ ಕಣ್ಣು ಮಂಜಾಗುತ್ತಿದ್ದ ವರ್ಷ, ಅದೇ ರೋಗದ ಬಗ್ಗೆ ಇದೇ ವಿಶ್ವವಿದ್ಯಾಲಯದವರು ಬರೆದಿದ್ದ ಲೇಖನವನ್ನು ಬೀದಿಕೊನೆಯ ಡಾಕ್ಟರು ಚಂದಾ ಇಲ್ಲದೆ ತೆರೆಯಲಾಗದೆ ಕೈಚೆಲ್ಲಿದ್ದರು. ತಿಂಗಳಾದ ಮೇಲೆ ವಿಷಯ ತಿಳಿದ ಗುಮಾಸ್ತರು ಕಚೇರಿಯಲ್ಲಿ ಪ್ರಿಂಟ್ ತೆಗೆದು ಡಾಕ್ಟರ ಬಳಿಗೆ ಓಡಿದರು. ಅಷ್ಟರಲ್ಲಿ ತಡವಾಗಿತ್ತು; ಒಂದೇ ಕಣ್ಣು ಉಳಿಯಿತು. ಈಗ ಅವರ ಹೆಜ್ಜೆ ಸದ್ದಾದರೆ ಆಕೆ ಒಳಗಿಂದಲೇ ಕೇಳುತ್ತಾರೆ: "ಇವತ್ತಿಂದು ತೆಗೀತಾ?" "ತೆಗೀತು ಕಣೇ, ಕೊನೇ ಪುಟದ ತನಕ." "ಏನಿತ್ತು ಅದ್ರಲ್ಲಿ?" ಗುಮಾಸ್ತರು ಚಪ್ಪಲಿ ಬಿಡುತ್ತಾ ನಗುತ್ತಾರೆ. "ನಂಗೇನು ಗೊತ್ತು? ಬೇಕಾದೋರಿಗೆ ಸಿಗುತ್ತಲ್ಲ, ಬಿಡು."