ಲಕ್ಕಿ ಸೊಪ್ಪಿನ ಕಾವು

ಮಧ್ಯಾಹ್ನ ಮೂರು ಗಂಟೆ. ಪಕ್ಕದ ಮನೆಯಲ್ಲಿ ಯಾರೋ ಮೊಣಕಾಲಿಗೆ ಕಟ್ಟಲು ಲಕ್ಕಿ ಸೊಪ್ಪು ಬಾಡಿಸುತ್ತಿದ್ದರು. ಆ ವಾಸನೆ ಬಂದೊಡನೆ ಎದ್ದು ಕಿಟಕಿಗಳನ್ನೆಲ್ಲ ತೆರೆದೆ. ಇಷ್ಟು ವರ್ಷಗಳಾದರೂ ಕೈ ತಾನಾಗಿಯೇ ಹೋಗುತ್ತದೆ... ಅಂದೂ ಮೂರೇ ಗಂಟೆಯಾಗಿತ್ತು.

ಯುದ್ಧದ ಕಾಲ. ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಹಾನಗಲ್ಲಿಗೆ ಬಂದಿದ್ದೆ. ಅಜ್ಜಿಯ ಮೊಣಕಾಲುಗಳು ಸವೆದಿದ್ದವು, ಕುಳಿತರೆ ಏಳಲಾಗದು. ನಮ್ಮ ಓಣಿಯ ನರ್ಸಬಾಯಿ ದವಾಖಾನೆಯ ಕೆಲಸ ಮುಗಿಸಿ ಬಂದು ಎಣ್ಣೆ ತಿಕ್ಕಿ, ಕೆಂಡದ ಮೇಲೆ ಬಾಡಿಸಿದ ಲಕ್ಕಿ ಸೊಪ್ಪು ಕಟ್ಟಿ, ಕಾಲು ಮಡಚಿಸಿ ಚಾಚಿಸುತ್ತಿದ್ದರು. ದವಾಖಾನೆಯ ಔಷಧ ಬಿಡಿಸಿದವರಲ್ಲ. ಜೊತೆಗೆ ಇದೂ ಇರಲಿ ಎನ್ನುವವರು.

ಅಂದು ಅವರು ಬರುವುದು ತಡವಾಯಿತು. ಮೊಣಕಾಲು ನೋವೆಂದರೆ ವಾಯು, ಗಾಳಿ ಸೋಕಬಾರದೆಂದು ಮನೆಯಲ್ಲಿದ್ದ ನನ್ನ ಸೋದರತ್ತೆ ಬೆಳಕಿಂಡಿಗೆ ಗೋಣಿಚೀಲ ತುರುಕಿದಳು. ಬಾಣಂತಿಗೆ ಇಡುವಂತೆ ಅಜ್ಜಿಯ ಹೊರಸಿನ ಕೆಳಗೆ ಇದ್ದಿಲ ಕೆಂಡವಿಟ್ಟು, ಬಾಗಿಲು ಮುಚ್ಚಿ ಬಂದಳು. ನಾನು ಪಡಸಾಲೆಯಲ್ಲಿ ಓದುತ್ತಿದ್ದೆ. ಅಜ್ಜಿಯ ನರಳಾಟ ನಿಂತಾಗ, ನಿದ್ದೆ ಹತ್ತಿತೆಂದು ಇಬ್ಬರಿಗೂ ಸಮಾಧಾನವಾಯಿತು...

"ಅಮ್ಮಾರೆಲ್ಲಿ?" ಎನ್ನುತ್ತಲೇ ನರ್ಸಬಾಯಿ ಒಳಬಂದರು.

"ಬೆಚ್ಚಗ ಮಲಗ್ಯಾರ್ರಿ," ಎಂದಳು ಅತ್ತೆ.

"ಬಾಗಲಾ ಯಾಕ ಹಾಕೀರಿ!" ಅವರು ಬಾಗಿಲು ದೂಡಿ ನನ್ನತ್ತ ಕೂಗಿದರು, "ಹೊರಸಿನ ಆ ತುದಿ ಹಿಡೀರಿ!"

ಮುಚ್ಚಿದ ಕೋಣೆಯ ತುಂಬ ಕೆಂಡದ ವಿಷಗಾಳಿ ಕಟ್ಟಿತ್ತು; ಹೊರಸನ್ನೇ ಅಂಗಳಕ್ಕೆ ಹೊತ್ತು ತಂದೆವು. ಅಜ್ಜಿಯ ತಲೆ ಅತ್ತಿತ್ತ ಹೊರಳುತ್ತಿತ್ತು. ಉಸಿರಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ... ಬಹಳ ಹೊತ್ತಿನ ಮೇಲೆ ಕೆಮ್ಮಿದಳು.

ಆಮೇಲೆ ಕಾವು ಎಂದರೇ ಅಜ್ಜಿ ಬೆದರಿ ಬೇಡವೆನ್ನುತ್ತಿದ್ದಳು. ಕಾಲು ಬಿಗಿದವು, ನೋವಿಗೆ ರಾತ್ರಿ ನಿದ್ದೆಯಿಲ್ಲ. ಪಕ್ಕದಲ್ಲಿ ಮಲಗಿದ ನನಗೂ ಇಲ್ಲ. ಅವಳ ನರಳಾಟ ನಿಂತರೆ ಸಾಕು, ಎದ್ದು ಉಸಿರು ನೋಡುತ್ತಿದ್ದೆ. ನರ್ಸಬಾಯಿ ಅತ್ತೆಯನ್ನು ಬೈಯಲಿಲ್ಲ. ಹೊರಸನ್ನು ಅಂಗಳದ ಬೇವಿನಡಿ ಹಾಕಿಸಿ, ಅತ್ತೆಯ ಕೈಯಿಂದಲೇ ಅಲ್ಲಿ ಸೊಪ್ಪು ಬಾಡಿಸಿದರು.

"ಬಯಲಾಗ ಕಾಲು ಚಾಚಿ ಕುಂತ್ರ ಮಂದಿ ನಗ್ತಾರ ಬಾಯಾರ," ಎಂದಳು ಅಜ್ಜಿ.

"ನಗಲಿ ಬಿಡ್ರಿ ಅಮ್ಮಾರ. ನಾಳೆ ಅವರ ಮೊಣಕಾಲ ತಿಕ್ಕಾಕ ನಾನಽ ಬರಬೇಕು."

ಅಜ್ಜಿ ನಕ್ಕು, ಕಾಲು ಚಾಚಿದಳು.

ರಜೆ ಮುಗಿಯುವ ಮುನ್ನ ಒಂದು ಬೆಳಗ್ಗೆ ಮುಖಕ್ಕೆ ಬಿಸಿಲು ಬಿದ್ದು ಎಚ್ಚರವಾಯಿತು. ಅಜ್ಜಿಯ ಹಾಸಿಗೆ ಖಾಲಿ.

"ಏಳ್ರಿ ಕಾಲೇಜ ಸಾಹೇಬ್ರ," ಹೊಸ್ತಿಲಲ್ಲಿ ನರ್ಸಬಾಯಿ ನಿಂತಿದ್ದರು. "ಅಮ್ಮಾರು ತಾವಽ ಎದ್ದು ಹಿತ್ತಲಕ್ಕ ಹೋಗ್ಯಾರ."

ಹಿಂದಿನ ರಾತ್ರಿ ಅಜ್ಜಿಯೂ ನಾನೂ ಒಮ್ಮೆಯೂ ಎಚ್ಚರಗೊಂಡಿರಲಿಲ್ಲ.

ಮರುವರ್ಷ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಈಗ ಅಜ್ಜಿಯೂ ಇಲ್ಲ, ಅವರೂ ಇಲ್ಲ... ಪಕ್ಕದ ಮನೆಯ ಬಾಗಿಲು ತೆರೆದಿದೆಯೇ ಎಂದು ನೋಡಿಬರಲು ಚಪ್ಪಲಿ ಮೆಟ್ಟಿದೆ.